ಹನ್ನೆರಡು ಖಾಲಿ ಮಂಚಗಳನ್ನು ಕಂಡುಹೋದ ಅಧಿಕಾರಿಗಳಿಗೆ

ಮಾನ್ಯ ಆಸ್ಪತ್ರೆ ಪರಿಶೀಲನಾಧಿಕಾರಿಗಳೇ,

ನಮ್ಮೂರಿನ ಧರ್ಮಾಸ್ಪತ್ರೆಯಲ್ಲಿ ಒಬ್ಬ ರೋಗಿಯೂ ಇಲ್ಲ, ಆದ್ದರಿಂದ ಈ ಊರಿಗೆ ಆಸ್ಪತ್ರೆಯ ಅಗತ್ಯವೇ ಕಂಡುಬರುವುದಿಲ್ಲ, ಆದ್ದರಿಂದ ಈ ತಿಂಗಳ ಕೊನೆಯ ದಿನ ಅದಕ್ಕೆ ಬೀಗ ಹಾಕತಕ್ಕದ್ದು ಎಂಬ ತಮ್ಮ ಆದೇಶವನ್ನು ಆಸ್ಪತ್ರೆಯ ಬಾಗಿಲಿಗೆ ಅಂಟಿಸಿದ್ದಾರೆ. ಓದಿಕೊಂಡೆ. ಅಂಟಿಸುವುದಕ್ಕೆ ತಮ್ಮ ಕಚೇರಿಯ ಜವಾನರು ಸ್ವಲ್ಪ ಕಷ್ಟಪಟ್ಟರು. ಒಳಗೆ ಹೋಗಲು ಸಾಲಿನಲ್ಲಿ ನಿಂತಿದ್ದ ಹತ್ತೊಂಬತ್ತು ಮಂದಿಯನ್ನು "ಸ್ವಲ್ಪ ಸರೀರಪ್ಪ, ಇಲ್ಲಿ ರೋಗಿಗಳಿಲ್ಲ ಅಂತ ಚೀಟಿ ಅಂಟಿಸ್ಬೇಕು" ಎಂದು ಕೇಳಿಕೊಳ್ಳಬೇಕಾಯಿತು. ಅಂಟಿಸಿದ ಮೇಲೆ ಅವರೂ ಸಾಲಿನ ಕೊನೆಯಲ್ಲಿ ನಿಂತು ತಮ್ಮ ಮೊಣಕೈ ನೋವನ್ನು ತೋರಿಸಿಕೊಂಡೇ ಹೋದರು. ಮಾತ್ರೆಯಿಂದ ಗುಣ ಕಂಡಿತೇ ಎಂದು ದಯಮಾಡಿ ವಿಚಾರಿಸಿ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ತಾವು ಬಂದ ಆ ಮಂಗಳವಾರ ಹನ್ನೆರಡು ಮಂಚಗಳೂ ಖಾಲಿಯಿದ್ದದ್ದು ನಿಜ. ತಾವು ಸುಳ್ಳು ಬರೆದಿಲ್ಲ, ಕಣ್ಣಿಗೆ ಕಂಡದ್ದನ್ನೇ ಬರೆದಿದ್ದೀರಿ. ತೊಂದರೆ ಏನೆಂದರೆ, ತಮ್ಮ ಕಣ್ಣಿಗೆ ಏನು ಕಾಣಬೇಕೆಂದು ಹಿಂದಿನ ಸಂಜೆ ಸಭೆ ಸೇರಿ ತೀರ್ಮಾನ ಮಾಡಿದವರು ನಾವು. ಆ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವನು ನಾನು. ಬಸ್ ನಿಲ್ದಾಣದ ಎದುರು ಮೂವತ್ತೆಂಟು ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಊರಿನಲ್ಲಿ ಯಾರ ಸೊಂಟ ಎಷ್ಟು ಎಂದು ಗೊತ್ತಿರುವ ಕಾರಣಕ್ಕೆ ಎಲ್ಲವೂ ಗೊತ್ತೆಂಬ ಭ್ರಮೆ ನನಗೆ ಬಹಳ ದಿನಗಳಿಂದ ಇದೆ. ಆ ಭ್ರಮೆಗೆ ಈಗ ನನ್ನ ಅಕ್ಕನ ಬಲಗಾಲು ಬಲಿಯಾಗುವ ಹಾಗಿದೆ. ಅದಕ್ಕೇ ಈ ಪತ್ರ. ತಮ್ಮ ಕಚೇರಿಯಲ್ಲಿ ಪತ್ರಗಳು ಆರಾಮವಾಗಿ ನಿದ್ದೆ ಮಾಡುತ್ತವೆಂದು ಕೇಳಿದ್ದೇನೆ, ಆದ್ದರಿಂದ ಪತ್ರಿಕೆಗೂ ಒಂದು ಪ್ರತಿ ಕಳಿಸಿದ್ದೇನೆ.

ಡಾಕ್ಟರಮ್ಮ ಈ ಊರಿಗೆ ಹೇಗೆ ಬಂದರೆಂಬುದು ತಮ್ಮ ಕಡತದಲ್ಲಿ ಇರಲಾರದು. ಏಳು ವರ್ಷಗಳ ಹಿಂದೆ ಅವರು ನಗರದ ದೊಡ್ಡ ಆಸ್ಪತ್ರೆಯಲ್ಲಿದ್ದರು. ಒಂದೇ ವರ್ಷದಲ್ಲಿ ನಮ್ಮೂರಿನ ನಾಲ್ವರನ್ನು ಅವರ ಮುಂದೆ ತಂದು ಮಲಗಿಸಿದರಂತೆ. ನಾಲ್ವರೂ ತಡವಾಗಿ ಬಂದವರು, ನಾಲ್ವರೂ ಉಳಿಯಲಿಲ್ಲ. "ನಿನ್ನೆ ತಂದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದು ನಾಲ್ಕನೆಯ ಸಲ ಹೇಳಿದ ಮೇಲೆ ಅವರಿಗೆ ತಮ್ಮ ಮಾತು ತಮಗೇ ಕಹಿಯಾಯಿತು. ನಿನ್ನೆ ಯಾಕೆ ತರಲಿಲ್ಲ? ಎರಡು ದಿನ ರಜೆ ಹಾಕಿ, ರೋಗಿಗಳು ಬಂದ ದಾರಿಯಲ್ಲೇ ಹಿಂದುಹಿಂದಕ್ಕೆ ಹೊರಟರು. ಒಂದು ಬಸ್ಸು, ಇನ್ನೊಂದು ಬಸ್ಸು, ಹೊಳೆ ದಾಟಲು ದೋಣಿ, ಆಮೇಲೆ ಹತ್ತಬೇಕಾದ ಮೂರನೆಯ ಬಸ್ಸು ಅಂದು ಕೆಟ್ಟು ನಿಂತಿದ್ದರಿಂದ ಎರಡು ಗಂಟೆ ನಡಿಗೆ. ಊರಿನಲ್ಲಿ ಮೊದಲು ಸಿಕ್ಕಿದ್ದು ನನ್ನ ಅಂಗಡಿ. ನೀರು ಕೇಳಿದರು. ಕೊಟ್ಟೆ. ಯಾರ ಮನೆಗೆ ಬಂದಿರಿ ಎಂದು ಕೇಳಿದೆ.

"ಯಾರ ಮನೆಗೂ ಇಲ್ಲ. ತಡ ಎಲ್ಲಿ ಆಗುತ್ತೆ ಅಂತ ನೋಡೋಕೆ ಬಂದೆ," ಎಂದರು.

"ಗೊತ್ತಾಯ್ತಾ?"

"ಗೊತ್ತಾಯ್ತು. ಎಲ್ಲಾ ಕಡೇನೂ ಆಗುತ್ತೆ," ಎಂದು ಬೆಂಚಿನ ಮೇಲೆ ಕೂತು ಕಾಲು ನೀವಿಕೊಂಡರು. ಮಾರನೇ ವರ್ಷ ಪೆಟ್ಟಿಗೆ ಸಮೇತ ಬಂದಿಳಿದರು.

ಮುಚ್ಚಿಹೋಗಿದ್ದ ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಒಣಗಿಸುತ್ತಿದ್ದ ಉದ್ದನೆಯ ಶೆಡ್ಡೊಂದು ಹಾಳು ಬಿದ್ದಿತ್ತು. ಅದೇ ಆಸ್ಪತ್ರೆಯಾಯಿತು. ಡಾಕ್ಟರಮ್ಮನ ನಿಯಮ ಒಂದೇ: ಯಾರೂ ಫೀಸು ಕೊಡಬಾರದು, ಯಾರೂ ಸುಮ್ಮನೆ ಕೂರಲೂಬಾರದು. ಗಾರೆ ಕೆಲಸದವನು ನೆಲ ಮಾಡಿದ, ಬಡಗಿ ಮಂಚ ಮಾಡಿದ, ಬಟ್ಟೆ ಒಗೆಯುವವರು ಹಾಸಿಗೆ ಬಟ್ಟೆಗಳ ಜವಾಬ್ದಾರಿ ಹೊತ್ತರು. ನಾನು ಪರದೆ ಹೊಲಿದೆ, ರೋಗಿಗಳ ಗೌನು ಹೊಲಿದೆ. ಮೊದಲ ಇಪ್ಪತ್ತು ಗೌನುಗಳಿಗೆ ಎದೆಯ ಮೇಲೆ ಜೇಬು ಇಟ್ಟಿದ್ದೆ. "ಆಪರೇಷನ್ನಿಗೆ ಹೋಗೋರಿಗೆ ಜೇಬು ಯಾಕ್ರೀ?" ಎಂದರು ಡಾಕ್ಟರಮ್ಮ. "ಬೀಡಿ ಎಲ್ಲಿ ಇಟ್ಕೋತಾರೆ ಮತ್ತೆ?" ಎಂದೆ. ಅವತ್ತು ಅವರು ನಕ್ಕ ಸದ್ದು ಹೆಂಚಿನ ಮಾಡಿಗೆ ಹೋಗಿ ಬಂತು. ಆಮೇಲೆ ಜೇಬೂ ಹೋಯಿತು, ಬರಬರುತ್ತ ಊರಿನ ಅರ್ಧ ಬೀಡಿಯೂ ಹೋಯಿತು. ಹೀಗೆ ಆರು ವರ್ಷ ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದ್ದನ್ನು ತಾವು ಒಂದು ಗಂಟೆ ನೋಡಿ ಒಂದು ಪುಟದಲ್ಲಿ ಮುಗಿಸಿದ್ದೀರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ಈ ಸಲ ದೊಣ್ಣೆಯನ್ನು ತಮ್ಮ ಕೈಗೆ ಕೊಟ್ಟವರೂ ನಾವೇ ಆದ್ದರಿಂದ ಗಾದೆಯನ್ನು ಹೇಳಲು ನನಗೆ ಪೂರ್ತಿ ಬಾಯಿಲ್ಲ.

ಇನ್ನು ಅಕ್ಕನ ಕಾಲಿನ ವಿಷಯ. ಅವಳಿಗೆ ಸಕ್ಕರೆ ಕಾಯಿಲೆ, ಬಲಗಾಲಿನ ಹಿಮ್ಮಡಿಯಲ್ಲಿ ಹುಣ್ಣು. ಐದು ತಿಂಗಳ ಹಿಂದೆ ನಗರದಲ್ಲಿ ತೋರಿಸಿದಾಗ ಮೊಣಕಾಲಿನ ಕೆಳಗೆ ತೆಗೆದುಬಿಡಬೇಕು ಎಂದು ಹೇಳಿ ದಿನವನ್ನೂ ಗೊತ್ತುಮಾಡಿದರು. "ನಮ್ಮನೇಲಿ ಕತ್ತರಿ ಹಿಡಿಯೋನು ಒಬ್ಬ ಇದ್ದಾನೆ, ಅಷ್ಟು ಸಾಕು" ಎಂದು ಅಕ್ಕ ಎದ್ದು ಬಂದಳು. ಡಾಕ್ಟರಮ್ಮ ಬಹಳ ಹೊತ್ತು ಆ ಕಾಲನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ನೋಡಿದರು. "ಉಳಿಯುತ್ತೆ ಅಂತ ಮಾತು ಕೊಡಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಕಟ್ಟು ಬಿಚ್ಚಿ ತೊಳೆದು ಮತ್ತೆ ಕಟ್ಟಬೇಕು. ಒಂದು ದಿನವೂ ತಪ್ಪಬಾರದು. ಆರೇಳು ತಿಂಗಳು ಹಿಡಿಯುತ್ತೆ. ಇರ್ತೀರಾ?" ಎಂದರು. ಅಂದಿನಿಂದ ಮೂರನೇ ನಂಬರಿನ ಮಂಚ ಅಕ್ಕನದು. ಟೀ ಲೋಟದ ಬಾಯಿಯಷ್ಟಿದ್ದ ಹುಣ್ಣು ಈಗ ಅಂಗಿಯ ಗುಂಡಿಯಷ್ಟಾಗಿದೆ. ಅಳತೆಯಲ್ಲಿ ನಾನು ತಪ್ಪುವುದಿಲ್ಲ.

ಆ ಕಾಲಿನ ಬಗ್ಗೆ ನನಗೇಕೆ ಇಷ್ಟು ಸಂಕಟ ಎಂದು ತಾವು ಕೇಳಬಹುದು. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಅದೇ ಬಲಗಾಲಿನಿಂದ ಹೊಲಿಗೆ ಮಿಷನ್ನು ತುಳಿದು ನನ್ನನ್ನು ಸಾಕಿದಳು. ಸಂಬಂಧ ಕೇಳಿಕೊಂಡು ಬಂದವರಿಗೆಲ್ಲ "ಇವನು ಪ್ಯಾಂಟು ಹಾಕೋವಷ್ಟು ದೊಡ್ಡೋನಾಗ್ಲಿ" ಎಂದು ಹೇಳಿ ಕಳಿಸಿದಳು. ನಾನು ಪ್ಯಾಂಟು ಹಾಕುವ ಹೊತ್ತಿಗೆ ಕೇಳಿಕೊಂಡು ಬರುವವರೇ ನಿಂತಿದ್ದರು. ಈ ವಿಷಯ ಅವಳು ಒಂದು ದಿನವೂ ಎತ್ತಿ ಆಡಿದವಳಲ್ಲ. ಬೇರೆಲ್ಲ ವಿಷಯಕ್ಕೂ ದಿನಾ ಬೈಯುತ್ತಾಳೆ. ನನ್ನ ಅಕ್ಕ ಎರಡು ಕಾಲಿನ ಮೇಲೆ ನಿಂತುಕೊಂಡು ನನ್ನನ್ನು ಬೈಯಬೇಕು ಎಂಬುದು ನನ್ನ ಆಸೆ. ಇದಕ್ಕಿಂತ ದೊಡ್ಡ ಆಸೆ ನನಗೆ ಇನ್ಯಾವುದೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಅವಳನ್ನು ಮಂಚದಿಂದ ಎಬ್ಬಿಸಿ ಬಚ್ಚಿಟ್ಟೆಯಲ್ಲ, ನಿನಗೆ ಬುದ್ಧಿ ಎಲ್ಲಿತ್ತು ಎನ್ನುತ್ತೀರಾ? ಹೇಳುತ್ತೇನೆ. ತಾವು ಮಂಗಳವಾರ ಪರಿಶೀಲನೆಗೆ ಬರುವಿರೆಂದು ಕಾಗದ ಬಂದಾಗ ಡಾಕ್ಟರಮ್ಮ, "ಬರಲಿ ಬಿಡಿ, ಇರೋದನ್ನ ಇರೋ ಹಾಗೆ ತೋರಿಸೋಣ" ಎಂದು ಸುಮ್ಮನಾದರು. ನಮಗೆ ಅದು ಸರಿಕಾಣಲಿಲ್ಲ. ನಮ್ಮಲ್ಲಿ ಮನೆಗೆ ದೊಡ್ಡವರು ಬರುತ್ತಾರೆಂದರೆ ಮೊದಲು ಮಾಡುವ ಕೆಲಸ, ಕಾಯಿಲೆಯವರನ್ನು ಒಳಕೋಣೆಗೆ ಕಳಿಸಿ ಬಾಗಿಲು ಮುಂದೆ ಮಾಡುವುದು. ಬಂದವರ ಮುಂದೆ ಯಾರೂ ಕೆಮ್ಮಬಾರದು, ನರಳಬಾರದು, ಕಟ್ಟು ಹಾಕಿದ ಕಾಲನ್ನು ಚಾಚಿಕೊಂಡು ಕೂರಬಾರದು. ಹೇಗಿದ್ದೀರಿ ಎಂದು ಕೇಳಿದರೆ ಹರಿದ ಎದೆಯನ್ನೂ ಮುಚ್ಚಿಕೊಂಡು ಚೆನ್ನಾಗಿದ್ದೇವೆ ಎನ್ನಬೇಕು. ಬಡವರ ಮನೆಯ ಮರ್ಯಾದೆ ಅದು, ನಮಗೆ ಇರುವುದೇ ಅದೊಂದು. ತಮ್ಮಂಥ ಅಧಿಕಾರಿಗಳು ಈ ಊರಿಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ತಮ್ಮ ಮುಂದೆ ಹನ್ನೊಂದು ರೋಗಿಗಳನ್ನು ಮಲಗಿಸುವುದೇ?

ಆಸ್ಪತ್ರೆ ಸಮಿತಿಯ ಹಿರಿಯರಾದ ನಿವೃತ್ತ ಮೇಷ್ಟ್ರು ಇದಕ್ಕೆ ಶಾಸ್ತ್ರೀಯವಾದ ಆಧಾರವನ್ನೂ ಒದಗಿಸಿದರು. "ಶಾಲೆಗೆ ಇನ್ಸ್‌ಪೆಕ್ಟರ್ ಬಂದಾಗ ಏನ್ ನೋಡ್ತಾರೆ? ಎಷ್ಟು ಮಕ್ಕಳು ಪಾಸಾದ್ರು ಅಂತ. ಆಸ್ಪತ್ರೇಲೂ ಅಷ್ಟೇ. ಎಲ್ರೂ ಪಾಸಾಗಿ ಮನೆಗೆ ಹೋಗಿದ್ದಾರೆ ಅಂದ್ರೆ ಡಾಕ್ಟರಮ್ಮಂಗೆ ಬಹುಮಾನ ಗ್ಯಾರಂಟಿ," ಎಂದರು. ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ. ಯಾರು ಎದುರಾಡುತ್ತಾರೆ? ನಾನಂತೂ ಮೇಜು ಕುಟ್ಟಿ ಅನುಮೋದಿಸಿದೆ. ಡಾಕ್ಟರಮ್ಮನಿಗೆ ಹೇಳಬೇಕಲ್ಲ ಎಂದು ಯಾರೋ ಅಂದದ್ದಕ್ಕೆ, ಹೇಳಿದರೆ ಬೇಡ ಎನ್ನುತ್ತಾರೆ, ಆದ್ದರಿಂದ ಹೇಳುವುದು ಬೇಡ ಎಂದವನೂ ನಾನೇ.

ಮಂಗಳವಾರ ಬೆಳಗಾಗುತ್ತಲೇ ಹೊಳೆಯಾಚೆಯಿಂದ ಹೆರಿಗೆಗೆ ಕರೆ ಬಂತು. ಡಾಕ್ಟರಮ್ಮ, ನರ್ಸಮ್ಮ ಇಬ್ಬರೂ ಹೊರಟರು. "ಹನ್ನೊಂದರ ಒಳಗೆ ಬರ್ತೀನಿ, ಸಾಹೇಬರು ಬಂದ್ರೆ ಕೂರಿಸಿ, ಮೇಷ್ಟ್ರೇ. ಮೂರನೇ ಮಂಚದ ಡ್ರೆಸ್ಸಿಂಗ್ ಬಂದು ಮಾಡ್ತೀನಿ," ಎಂದು ಹೇಳಿ ಹೋದರು. ನಮಗೆ ಬೇಕಾಗಿದ್ದ ಅವಕಾಶ ತಾನಾಗಿಯೇ ಸಿಕ್ಕಿತು. ಏಳು ಗಂಟೆಗೆ ರೋಗಿಗಳ ಸಾಗಾಟ ಶುರುವಾಯಿತು. ಬಾಣಂತಿ ಮತ್ತು ಮಗು ಮೇಷ್ಟ್ರ ಮನೆಗೆ. ಜ್ವರದಿಂದ ಎದ್ದ ಏಳನೇ ಮಂಚದವನು ಕ್ಷೌರದಂಗಡಿಯ ಕುರ್ಚಿಗೆ. ತಾವು ಜೀಪಿನಿಂದ ಇಳಿದಾಗ ಮುಖದ ತುಂಬ ನೊರೆ ಹಚ್ಚಿಕೊಂಡು ಕೂತಿದ್ದವನು ಅವನೇ. ತಾವು ಆ ಕಡೆ ತಿರುಗಿದಾಗಲೆಲ್ಲ ಹೊಸದಾಗಿ ನೊರೆ ಹಚ್ಚಿ, ಒಟ್ಟು ನಾಲ್ಕು ಸಲ ಹಚ್ಚಿದರಂತೆ, ಒಂದು ಸಲವೂ ಬೋಳಿಸಲಿಲ್ಲ. ಕಾಲು ಮುರಿದುಕೊಂಡಿದ್ದ ಟ್ರ್ಯಾಕ್ಟರ್ ಡ್ರೈವರನನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿ, ಪ್ಲಾಸ್ಟರು ಕಾಣದಂತೆ ಕಂಬಳಿ ಹೊದಿಸಿದೆವು. ಅಷ್ಟರಲ್ಲಿ ಬಸ್ಸು ಬಂತು. "ಹತ್ತೋದಾದ್ರೆ ಬೇಗ ಹತ್ರಿ!" ಎಂದು ಕಂಡಕ್ಟರು ಕೂಗಿದ. ಅತ್ತ ತಮ್ಮ ಜೀಪು ಕಾಣಿಸಿತು. ಹತ್ತುವುದಿಲ್ಲ ಎಂದರೆ ಯಾಕೆ ಎನ್ನುತ್ತಾರೆ. ನಾಲ್ವರು ಸೇರಿ ಅವನನ್ನು ಎತ್ತಿ ಬಸ್ಸಿಗೆ ಹಾಕಿದೆವು. ಪಾಪ, ಕೊನೆಯ ಸ್ಟಾಪಿನವರೆಗೂ ಹೋಗಿ ಮಧ್ಯಾಹ್ನ ಮೂರು ಗಂಟೆಗೆ ವಾಪಸು ಬಂದ.

ಅಕ್ಕನನ್ನು ನನ್ನ ಅಂಗಡಿಯಲ್ಲಿ, ಅಳತೆ ಕೊಡುವವರು ಬಟ್ಟೆ ಬದಲಿಸುವ ಪರದೆಯ ಹಿಂದೆ ಕೂರಿಸಿದ್ದೆ. ತಾವು ಆಸ್ಪತ್ರೆಯನ್ನು ಒಂದು ಸುತ್ತು ನೋಡಿ, ಕೋಟಿನ ತೋಳಿನ ಗುಂಡಿ ನೇತಾಡುತ್ತಿದೆಯೆಂದು ಹೊಲಿಸಿಕೊಳ್ಳಲು ಅಂಗಡಿಗೆ ಬಂದಿರಿ, ನೆನಪಿದೆಯೇ? ಟೀ ತರಿಸಿದೆ. ತಾವು ಟೀ ಕುಡಿಯುತ್ತ ಕೂತ ಸ್ಟೂಲಿಗೂ ಮೂರನೇ ಮಂಚದ ರೋಗಿಗೂ ನಡುವೆ ಇದ್ದದ್ದು ಒಂದು ಪರದೆ, ಎರಡು ಮೊಳ. ಆ ಹೊತ್ತಿಗೇ ಅಕ್ಕ ಕೆಮ್ಮಿದಳು.

"ಯಾರದು?" ಎಂದಿರಿ.

"ಮಿಷನ್ನು ಸಾರ್. ಹಳೇದು. ಎಣ್ಣೆ ಬಿಡ್ಬೇಕು," ಎಂದೆ.

"ಒಳ್ಳೆ ಊರು ಕಣ್ರೀ ನಿಮ್ದು. ಎಲ್ಲರೂ ಆರೋಗ್ಯವಾಗಿದ್ದೀರಿ," ಎಂದು ಎದ್ದಿರಿ. ನನ್ನ ಎದೆ ಎರಡು ಇಂಚು ಹಿಗ್ಗಿತು. ತಾವು ಅತ್ತ ಹೋದ ಕೂಡಲೇ ಪರದೆಯ ಹಿಂದಿನಿಂದ, "ಹೆತ್ತೋಳ ಥರ ಸಾಕಿದೋಳನ್ನ ಮಿಷನ್ ಅಂತೀಯೇನೋ? ಬಾ ಇಲ್ಲಿ, ನಿನ್ನ ಬಾಯಿಗೇ ಎಣ್ಣೆ ಬಿಡ್ತೀನಿ," ಎಂದು ಅಕ್ಕ ಗುಡುಗಿದಳು. ಆಗಲೂ ನನಗೆ ನಗು.

ನಗು ನಿಂತದ್ದು ಹನ್ನೊಂದು ಗಂಟೆಗೆ. ಡಾಕ್ಟರಮ್ಮ ಕೆಸರು ಮೆತ್ತಿದ ಕಾಲಲ್ಲೇ ವಾರ್ಡಿಗೆ ಬಂದು, ಮಡಿಸಿಟ್ಟ ಹಾಸಿಗೆಗಳನ್ನು ನೋಡಿ, "ನನ್ನ ಪೇಷಂಟುಗಳೆಲ್ಲ ಎಲ್ಲಿ?" ಎಂದರು. "ಅದನ್ನೇ ನಾನೂ ಕೇಳ್ತಾ ಇದ್ದೀನಿ ಮೇಡಂ," ಎಂದಿರಿ ತಾವು. ಮೇಷ್ಟ್ರು ಕೈಕಟ್ಟಿ ನಿಂತು, "ಎಲ್ಲರೂ ಗುಣವಾಗಿ ಹೋದರು ಸಾರ್," ಎಂದು ಪಾಠ ಒಪ್ಪಿಸಿದರು. ಡಾಕ್ಟರಮ್ಮ ಒಂದು ಸಲ ನಮ್ಮೆಲ್ಲರ ಮುಖ ನೋಡಿದರು. ಅವರಿಗೆ ಅರ್ಥವಾಯಿತು. ಒಂದು ಮಾತು ಹೇಳಿದ್ದರೆ ನಾವು ತಮ್ಮೆದುರಿಗೇ ಸುಳ್ಳರಾಗುತ್ತಿದ್ದೆವು. ಅವರು ಹೇಳಲಿಲ್ಲ. ತಾವು "ವೈದ್ಯರಿಗೇ ತಮ್ಮ ರೋಗಿಗಳು ಎಲ್ಲಿದ್ದಾರೆಂಬ ಅರಿವಿಲ್ಲ" ಎಂದು ಬರೆದುಕೊಂಡು ಹೊರಟಿರಿ. ಡಾಕ್ಟರಮ್ಮ ಸೀದಾ ನನ್ನ ಅಂಗಡಿಗೆ ಬಂದರು. ಪರದೆ ಸರಿಸಿ, ನೆಲದ ಮೇಲೆ ಕೂತು, ಮೂರು ಗಂಟೆ ತಡವಾಗಿದ್ದ ಆ ಕಟ್ಟನ್ನು ಬಿಚ್ಚುತ್ತ, "ನನ್ನನ್ನ ಒಂದು ಮಾತು ಕೇಳಬಹುದಿತ್ತು," ಎಂದರು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಮ್ಮ ಪೆದ್ದುತನ ಒಪ್ಪಿಕೊಂಡಾಯಿತು, ಮಾನ್ಯರೇ. ಈಗ ತಮ್ಮ ಜಾಣತನದ ಬಗ್ಗೆಯೂ ಎರಡು ಮಾತಾಡಲು ಅಪ್ಪಣೆಯಾಗಲಿ. ಅವಸರದಲ್ಲಿ ನಾವು ರೋಗಿಗಳನ್ನು ಎತ್ತಿಕೊಂಡು ಹೋದೆವು, ಅವರ ಚಪ್ಪಲಿಗಳನ್ನು ಮರೆತೆವು. ವಾರ್ಡಿನ ಬಾಗಿಲಲ್ಲಿ ಒಂಬತ್ತು ಜೊತೆ ಚಪ್ಪಲಿ, ಜೊತೆಗೆ ಎರಡು ಒಂಟಿ ಚಪ್ಪಲಿ ಇದ್ದವು. ಒಂದು ಅಕ್ಕನದು, ಇನ್ನೊಂದು ಡ್ರೈವರನದು. ತಾವು ತಮ್ಮ ಬೂಟುಗಳನ್ನು ಅವುಗಳ ಪಕ್ಕದಲ್ಲೇ ಬಿಚ್ಚಿಟ್ಟಿರಿ. ಯಾರೂ ಇಲ್ಲದ ಕೋಣೆಯ ಮುಂದೆ ಇಷ್ಟೊಂದು ಚಪ್ಪಲಿ ಯಾರವು ಎಂಬ ಪ್ರಶ್ನೆ ಏಳಲಿಲ್ಲವೇ? ಒಂಟಿ ಚಪ್ಪಲಿ ಹಾಕಿಕೊಂಡು ಓಡಾಡುವ ಆರೋಗ್ಯವಂತರನ್ನು ತಾವು ಎಲ್ಲಿಯಾದರೂ ಕಂಡಿದ್ದೀರಾ? ದಿನಕ್ಕೆ ಎಷ್ಟು ಮಂದಿ ಬಂದುಹೋಗುತ್ತಾರೆಂದು ಬರೆದಿಡುವ ರಿಜಿಸ್ಟರು ಮೇಜಿನ ಮೇಲೇ ಇತ್ತು. ತಾವು ಅದರ ಮೇಲೆ ತಮ್ಮ ಕೈಚೀಲ ಇಟ್ಟಿದ್ದಿರಿ. ಎತ್ತು ಈಯಿತು ಎಂದು ನಾವು ಹೇಳಿದೆವು, ಕೊಟ್ಟಿಗೆಗೆ ಕಟ್ಟು ಎಂದು ತಾವು ಬರೆದಿರಿ. ಹೇಳಿದವರದು ತಪ್ಪು, ಸರಿ. ಕಟ್ಟು ಎಂದವರದು?

ಅದೂ ಹೋಗಲಿ. ಮೇಷ್ಟ್ರು ಹೇಳಿದ್ದು ನಿಜವೇ ಆಗಿತ್ತು ಎಂದುಕೊಳ್ಳಿ. ಹನ್ನೊಂದು ಮಂದಿಯೂ ವಾಸಿಯಾಗಿ ನಡೆದುಕೊಂಡೇ ಮನೆಗೆ ಹೋಗಿದ್ದರು ಎಂದುಕೊಳ್ಳಿ. ಎಲ್ಲರನ್ನೂ ವಾಸಿಮಾಡಿದ ಆಸ್ಪತ್ರೆಗೆ ತಮ್ಮ ಇಲಾಖೆ ಕೊಡುವ ಬಹುಮಾನ ಬೀಗವೇ? ಹೋದ ಗಳಿಗೆಯಲ್ಲಿ ನೀರು ಸೇದುವವರು ಕಾಣಲಿಲ್ಲವೆಂದು ಬಾವಿಗೆ ಮಣ್ಣು ತುಂಬಿಸುತ್ತಾರೆಯೇ? ತಮ್ಮ ಲೆಕ್ಕದಲ್ಲಿ ಒಂದು ಆಸ್ಪತ್ರೆ ಬದುಕಬೇಕಾದರೆ ಅದರಲ್ಲಿ ಸದಾ ಎಷ್ಟು ಮಂದಿ ನರಳುತ್ತಿರಬೇಕು? ಆ ಸಂಖ್ಯೆಯನ್ನು ದಯಮಾಡಿ ತಿಳಿಸಿ, ಸರದಿ ಹಾಕಿಕೊಂಡು ನರಳುತ್ತೇವೆ.

ಆಮೇಲೆ ನಡೆದದ್ದು ನನಗೆ ತಿಳಿದದ್ದು ಮೊಣಕೈ ನೋವಿನ ಜವಾನರಿಂದ. ಡಾಕ್ಟರಮ್ಮ ತಮ್ಮ ಕಚೇರಿಗೆ ಬಂದು, ಅಂದು ರೋಗಿಗಳನ್ನು ಬೇರೆಡೆ ಸಾಗಿಸಿದ್ದರು ಎಂದು ಹೇಳಿದರಂತೆ. ತಾವು ಕಾಗದ, ಪೆನ್ನು ಮುಂದಿಟ್ಟು, "ಯಾರು ಸಾಗಿಸಿದ್ದು ಬರೆದುಕೊಡಿ. ಪರಿಶೀಲನೆಯ ದಾರಿ ತಪ್ಪಿಸಿದ್ದಕ್ಕೆ ಅವರ ಮೇಲೆ ಕ್ರಮ ತಗೋತೀವಿ. ಆಸ್ಪತ್ರೆ ವಿಷಯ ಆಮೇಲೆ ನೋಡೋಣ," ಎಂದಿರಂತೆ. ನಾಲ್ಕು ಸಾಲು ಬರೆದಿದ್ದರೆ ಆಸ್ಪತ್ರೆ ಉಳಿಯುತ್ತಿತ್ತು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ, "ಅವರೂ ನನ್ನ ಪೇಷಂಟುಗಳೇ. ಪೇಷಂಟುಗಳ ವಿಷಯ ನಾನು ಹೊರಗೆ ಹೇಳೋದಿಲ್ಲ," ಎಂದು ಎದ್ದರಂತೆ. ಇದನ್ನು ಕೇಳಿದ ದಿನ ನನಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಕಣ್ಣು ಮಂಜಾಗಿತ್ತು, ವಯಸ್ಸಿನಿಂದಲ್ಲ.

ಅವರು ಬರೆದುಕೊಡದಿದ್ದರೇನು, ನಾನು ಬರೆದುಕೊಡುತ್ತಿದ್ದೇನೆ. ಸಾಗಿಸಿದ್ದು ನಾನು. ಹೇಳುವುದು ಬೇಡ ಎಂದದ್ದೂ ನಾನು. ಮೇಷ್ಟ್ರಿಗೆ ಎಪ್ಪತ್ತೆರಡು, ಅವರ ಪಾಲಿನ ಬೈಗುಳವನ್ನೂ ನನಗೇ ಬೈಯಿರಿ. ತಾವು ಯಾವ ಕ್ರಮ ಕೈಗೊಳ್ಳುವಿರೋ ಕೈಗೊಳ್ಳಿ. ಅಂಗಡಿಯ ಬಾಗಿಲು ಬೆಳಿಗ್ಗೆ ಒಂಬತ್ತರಿಂದ ತೆರೆದಿರುತ್ತದೆ. ಒಳಗೇ ಹಾಕುವುದಾದರೆ ಅಲ್ಲಿಯವರಿಗೆ ಅಂಗಿ ಹೊಲಿದುಕೊಂಡು ಇರುತ್ತೇನೆ, ಬೇಕಿದ್ದರೆ ಜೇಬಿಲ್ಲದ ಅಂಗಿ. ಆದರೆ ಮೊದಲು ಆ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ. ತಿಂಗಳು ಮುಗಿಯುವುದರೊಳಗೆ, ಲಿಖಿತವಾಗಿ, ಅದೇ ಬಾಗಿಲಿನ ಮೇಲೆ. ಆಮೇಲೆ ಬೇಕಾದರೆ ಮತ್ತೊಮ್ಮೆ ಪರಿಶೀಲನೆಗೆ ಬನ್ನಿ, ಆದರೆ ಬರುತ್ತೇನೆಂದು ಮಾತ್ರ ನಮಗೆ ತಿಳಿಸಬೇಡಿ. ತಿಳಿಸಿದರೆ ನಾವು ಇನ್ನೇನು ಸತ್ಕಾರ ಮಾಡುತ್ತೇವೋ ನಮಗೇ ಭರವಸೆಯಿಲ್ಲ.

ಕೊನೆಯದಾಗಿ, ಮುಂದಿನ ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಎಂಟು ಗಂಟೆಗೆ ಅಕ್ಕನ ಕಾಲಿನ ಕಟ್ಟು ಬಿಚ್ಚಲೇಬೇಕು. ಹುಣ್ಣಿಗೆ ಆದೇಶ ಓದಲು ಬರುವುದಿಲ್ಲ. ಇಲ್ಲಿ ಬೀಗ ಬಿದ್ದಿದ್ದರೆ ಅದನ್ನು ತಮ್ಮ ಕಚೇರಿಯ ವರಾಂಡದಲ್ಲಿ ಬಿಚ್ಚುತ್ತೇವೆ. ಅಕ್ಕನೊಬ್ಬಳೇ ಅಲ್ಲ, ನಡೆಯಬಲ್ಲವರು ನಡೆದು, ನಡೆಯಲಾರದವರು ಹೆಗಲ ಮೇಲೆ, ಎಲ್ಲರೂ ಬರುತ್ತೇವೆ. ಈ ಸಲ ಡಾಕ್ಟರಮ್ಮನನ್ನು ಮೊದಲೇ ಕೇಳಿದೆ. ಅವರು ಕಟ್ಟಿನ ಬಟ್ಟೆ ಸುತ್ತಿಡುತ್ತಲೇ, "ಬಿಸಿನೀರು ಅಲ್ಲಿ ಸಿಗುತ್ತಾ ಕೇಳಿ," ಎಂದರು. ಆದ್ದರಿಂದ ಕೇಳುತ್ತಿದ್ದೇನೆ, ಮಾನ್ಯರೇ. ತಮ್ಮ ಕಚೇರಿಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಬಿಸಿನೀರು ಸಿಗುತ್ತದೆಯೇ?

ಇಂತಿ,
ಒಂದೇ ಬೆಳಿಗ್ಗೆ ಹನ್ನೊಂದು ಮಂದಿಯನ್ನು ವಾಸಿಮಾಡಿ ಆಸ್ಪತ್ರೆಯನ್ನೇ ಹಾಸಿಗೆ ಹಿಡಿಸಿದ,
ಬಸ್ ನಿಲ್ದಾಣದ ಎದುರಿನ ದರ್ಜಿ